ದುಂಡವ್ವನ ಹಿಮ್ಮಡಿಯೂ ಮುದ್ದೀರನ ಆರನೇ ಬೆರಳೂ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ, ಜಗಲಿಯಲ್ಲಿ ಜಾಗವಾದರೂ ಆಗುತ್ತೆ. ಕೂತು ಕೇಳಿ, ಅರ್ಧದಲ್ಲಿ "ಥೂ, ಬರೀ ಬುರುಡೆ" ಅಂತ ಬಾಯಿ ತೆಗೆದಿರೋ, ಮುದ್ದೀರನನ್ನೇ ಕರೆತಂದು ನಿಮ್ಮ ಮುಂದೆ ಕಾಲು ಚಾಚಿಸಿ ಬೆರಳು ಎಣಿಸಿ ತೋರಿಸ್ತೀನಿ. ಬಲಗಾಲಲ್ಲಿ ಆರಿಲ್ಲದಿದ್ದರೆ ನನ್ನ ಮೀಸೆ ಬೋಳಿಸಿ ಕಳಿಸಿ! ಬೇರೆ ಊರಲ್ಲಿ ಪೆದ್ದರಿಲ್ಲವೆ? ಇದ್ದಾರೆ. ಎಲ್ಲಾ ಅರೆಬೆಂದವರು. ಪೂರ್ತಿ ಬೆಂದವನು ಹುಟ್ಟಿದ್ದು ನಮ್ಮ ಕೊಪ್ಪಲಿನಲ್ಲಿ ಮಾತ್ರ.

ಮುದ್ದೀರನ ಅವ್ವ ದುಂಡವ್ವ. ಗಂಡ ಹೋದ ಮೇಲೆ ತಲೆ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು, ಪೇಟೆಯ ಬೀದಿ ಬೀದಿ ಕೂಗಿ ಮಗನನ್ನು ಸಾಕಿದಳು. ಮಗ ಬೆಳೆದ, ಬಾಗಿಲು ತುಂಬುವಷ್ಟು ಬೆಳೆದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಷ್ಟನ್ನೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ.

"ಲೋ, ಕೋಳಿ ಕಾವಿಗೆ ಕೂತದೆ. ಅದು ಏಳದಂಗೆ ನೋಡ್ಕೊ" ಅಂತ ಹೇಳಿ ದುಂಡವ್ವ ಪೇಟೆಗೆ ಹೋದಳು. ಮುದ್ದೀರ ಕೋಳಿಯ ಮೇಲೆ ಗುಂಡುಕಲ್ಲು ಹೇರಿದ. ಕೋಳಿ ಏಳಲಿಲ್ಲ. ಮತ್ತೆಂದೂ ಏಳಲಿಲ್ಲ.

"ಏಳಲೇ ಇಲ್ಲ ಅವ್ವಾ!"

"ಅಯ್ಯೋ ನನ್ನಪ್ಪನೇ! ನಿನ್ನ ಕಾಲಿಗೆ ಒಂದು ಬೆರಳು ಹೆಚ್ಚಿಗೆ ಕೊಟ್ಟ ದೇವರು ತಲೆಗೆ ಕೊಡೋದನ್ನ ಮರೆತನಲ್ಲೋ!" ಅಂತ ದುಂಡವ್ವ ಹಣೆ ಹಣೆ ಚಚ್ಚಿಕೊಂಡಳು.

ಹೀಗೇ ನಡೀತಿತ್ತು. ಆದರೆ ಈಚೆಗೆ ದುಂಡವ್ವನ ಬಲಗಾಲಿನ ಹಿಮ್ಮಡಿ ಕೈ ಕೊಟ್ಟಿತ್ತು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲೂರಿದರೆ ಜಾಲಿಮುಳ್ಳು ತುಳಿದ ಹಾಗೆ ಜೀವ ಹೋಗೋದು. ಮುಂಗಾಲಲ್ಲೇ ಕುಂಟಿಕೊಂಡು ಕುಕ್ಕೆ ಹೊರುತ್ತಿದ್ದಳು. ಮಗ ಒಂದು ಕಡೆ ಕೆಲಸಕ್ಕೆ ನಿಂತನೋ, ಕುಕ್ಕೆ ಕೆಳಗಿಳಿಸಬಹುದು. ನಿಲ್ಲಲಿಲ್ಲವೋ, ಈ ಹಿಮ್ಮಡಿಯಲ್ಲೇ ಕೊನೆಯವರೆಗೂ ಬೀದಿ ಸುತ್ತಬೇಕು.

ಪೇಟೆಯ ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಶಿವನಂಜಪ್ಪ ಅವಳ ತವರೂರಿನವನು. ಅವನ ಮುಂದೆ ಮಗನನ್ನು ತಂದು ನಿಲ್ಲಿಸಿದಳು.

"ಅಣ್ಣಯ್ಯ, ಇವನನ್ನ ನಿನ್ನ ಕೈಕೆಳಗೆ ಹಾಕ್ಕೊ. ಹೇಳಿದ್ದು ಮಾಡ್ತಾನೆ."

"ಹೇಳಿದ್ದು ಮಾಡ್ತಾನಾ? ಅಂಥೋನೇ ಬೇಕಾಗಿತ್ತು ಕಣವ್ವ! ಇಲ್ಲಿಗೆ ಬರೋರು ಒಬ್ರೂ ಹೇಳಿದ್ದು ಮಾಡಲ್ಲ. ಕಾಲು ನೆಟ್ಟಗಿಡಿ ಅಂದ್ರೆ ಸೊಟ್ಟಗಿಡ್ತಾರೆ. ಅಲ್ಲಾಡಬೇಡಿ ಅಂದ್ರೆ ಆಗಲೇ ಕೆರ್ಕೋತಾರೆ. ನನ್ನ ಫಿಲ್ಮೆಲ್ಲ ಮಬ್ಬು! ಸರಿ, ನಾಲ್ಕು ದಿನ ನೋಡ್ತೀನಿ. ಸರಿಹೋದ್ರೆ ಡಾಕ್ಟರಮ್ಮನಿಗೆ ಹೇಳಿ ಕಾಯಂ ಮಾಡಿಸ್ತೀನಿ. ಇಲ್ದಿದ್ರೆ ನಿನ್ನ ಮಗ ನಿನಗೇ."

ಕೆಲಸವೇನು? ರೋಗಿಯನ್ನು ಒಳಗೆ ಕರೆಯೋದು, ಮೇಜಿನ ಮೇಲೆ ಕೂರಿಸೋದು, ಮಂಡಿ ಮಡಿಸಿ ಅಂಗಾಲನ್ನು ಫಿಲ್ಮಿನ ಪೆಟ್ಟಿಗೆ ಮೇಲೆ ಚಪ್ಪಟೆಯಾಗಿ ಊರಿಸೋದು. ಶಿವನಂಜಪ್ಪ ಗೋಡೆಯ ಹಿಂದೆ ನಿಂತು ಗುಂಡಿ ಒತ್ತೋದು. ಟಕ್! ಅಷ್ಟೆ. ಆ ಗೋಡೆಗೆ ನೋಡೋಕೆ ಅಂತ ಒಂದು ಗಾಜಿನ ಕಿಟಕಿ ಇತ್ತು. ಕಿಟಕಿಯ ಮೇಲೆ ಶಿವನಂಜಪ್ಪನ ಒದ್ದೆ ಟವೆಲ್ಲು ಒಣಗುತ್ತಿತ್ತು. ಟವೆಲ್ಲು ನೆನಪಿರಲಿ.

"ನೋಡು ಮುದ್ದೀರ, ಕಬ್ಬಿಣ, ಬೆಳ್ಳಿ, ಬಂಗಾರ, ಏನಿದ್ರೂ ಫಿಲ್ಮಿನಲ್ಲಿ ಬೆಳ್ಳಗೆ ಕೂತುಬಿಡುತ್ತೆ. ಅದರ ಹಿಂದಿನ ಮೂಳೆ ಕಾಣೋದೇ ಇಲ್ಲ. ಕಾಲಲ್ಲಿ ಚೂರು ಲೋಹ ಇರಕೂಡದು. ಇದ್ರೆ ತೆಗೆದುಬಿಡು, ಆಮೇಲೆ ಕಾಲಿಡಿಸು."

"ತೆಗೀತೀನಿ ಮಾವಾ!"

ಮೊದಲ ದಿನ ಬಂದವನು ಗಾರೆ ಕೆಲಸದ ಚೆನ್ನಿಗಪ್ಪ. ಹಲಗೆ ಕೀಳುವಾಗ ಮೊಳೆ ತುಳಿದಿದ್ದ. ಮೊಳೆ ಅಂಗಾಲಲ್ಲೇ ನಾಟಿಕೊಂಡು, ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಮುದ್ದೀರ ಬಗ್ಗಿ ನೋಡಿದ. ಲೋಹ! ಮೂಲೆಯಲ್ಲಿದ್ದ ಇಕ್ಕಳ ತಂದ. ಒಂದು ಕಾಲನ್ನು ಮೇಜಿಗೆ ಕೊಟ್ಟ. ಜಗ್ಗಿದ.

"ಅಯ್ಯಯ್ಯಯ್ಯಪ್ಪೋ!"

ಆ ಕೂಗಿಗೆ ಹೊರಗೆ ಬೆಂಚಿನ ಮೇಲಿದ್ದವರಲ್ಲಿ ಅರ್ಧ ಜನ ನೋವು ವಾಸಿಯಾಗಿ ಮನೆಗೆ ಹೋದರು.

ಟಕ್! ಫಿಲ್ಮು ಬಂತು. ಡಾಕ್ಟರಮ್ಮ ದೀಪಕ್ಕೆ ಹಿಡಿದು ನೋಡಿದರು. "ಮೊಳೆ ಎಲ್ಲಿ?"

"ಇಲ್ಲೇ ಅದೆ!" ಅಂತ ಮುದ್ದೀರ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ಶಿವನಂಜಪ್ಪ ಎಗರಿದ. "ಲೋ ಮಂಕುದಿಣ್ಣೆ! ಆ ಮೊಳೆ ಎಷ್ಟು ಆಳ ಹೋಗಿದೆ, ಮೂಳೆಗೆ ತಗುಲಿದೆಯೋ ಇಲ್ವೋ ಅಂತ ನೋಡೋಕೇ ಕಣೋ ಅವನನ್ನ ಕಳಿಸಿದ್ದು!"

"ನೀವು ಹೇಳಿದ್ದನ್ನೇ ಮಾಡ್ದೆ ಮಾವಾ!"

"ಇನ್ಮೇಲೆ ಏನೂ ಕೀಳಬೇಡ! ಏನೂ ಬಿಡಿಸಬೇಡ! ರೋಗಿ ಹೆಂಗೆ ಬರ್ತಾನೋ ಹಂಗೇ ತಂದು ಮೇಜಿನ ಮೇಲೆ ಮಲಗಿಸು!"

"ಹೆಂಗೆ ಬರ್ತಾನೋ ಹಂಗೇ. ಹೆಂಗೆ ಬರ್ತಾನೋ ಹಂಗೇ" ಅಂತ ಬಾಯಿಪಾಠ ಮಾಡಿಕೊಂಡು ಮುದ್ದೀರ ಮನೆಗೆ ಹೋದ.

ಮಾರನೇ ದಿನ ಕಾಳಿಂಗಜ್ಜ ಬಂದ. ಬದುವಿನಲ್ಲಿ ಜಾರಿ ಕಾಲು ಉಳುಕಿತ್ತು, ಗಿಣ್ಣು ಕುಂಬಳಕಾಯಿ ಆಗಿತ್ತು. ಹೆಂಗೆ ಬಂದ? ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಮಗನ ಬೆನ್ನ ಮೇಲೆ ಉಪ್ಪುಮೂಟೆಯಾಗಿ ಬಂದ. ಮಗ ಅಪ್ಪನನ್ನು ಇಳಿಸೋಕೆ ಹೋದ.

"ಇಳಿಸಬೇಡ! ಬಂದಂಗೇ ಮಲಗ್ಬೇಕು!"

"ನನಗೇನಾಗಿದೆ ಅಂತ ನಾನು ಮಲಗಲಯ್ಯಾ?"

"ಬಂದಂಗೇ! ಇಲ್ಲಿ ಪದ್ಧತಿ!"

ಮಗ ಬೋರಲು ಮಲಗಿದ. ಅವನ ಬೆನ್ನ ಮೇಲೆ ಅಜ್ಜ. ಮೇಜು ಕಿರ್ರೋ ಅಂತು. "ಅಪ್ಪಾ, ಕುತ್ತಿಗೆ ಬಿಡು, ಉಸಿರು ಕಟ್ತದೆ" ಅಂದ ಮಗ. "ಸುಮ್ಮನಿರ್ಲಾ, ಪದ್ಧತಿ ಅಂತವ್ರೆ, ಡಾಕುಟ್ರು ಬೈದಾರು" ಅಂದ ಅಜ್ಜ.

"ರೆಡಿನೇನೋ?" ಅಂತ ಗೋಡೆ ಹಿಂದಿನಿಂದ ಶಿವನಂಜಪ್ಪ.

"ರೆಡಿ ಮಾವಾ! ಒತ್ತಿ!"

ಟಕ್!

ಡಾಕ್ಟರಮ್ಮ ಫಿಲ್ಮು ಹಿಡಿದು ಎಣಿಸಿದರು. ಮತ್ತೆ ಎಣಿಸಿದರು. ಕನ್ನಡಕ ಒರೆಸಿಕೊಂಡು ಎಣಿಸಿದರು. "ಹಿಮ್ಮಡಿ ಮೂಳೆ ನಾಲ್ಕಿವೆ! ಶಿವನಂಜಪ್ಪ, ಇದೇನು, ದನದ ಆಸ್ಪತ್ರೆಯ ಫಿಲ್ಮು ಇಲ್ಲಿಗೆ ಬಂದಿದೆಯಾ?"

ಶಿವನಂಜಪ್ಪ ಬಂದು ನೋಡಿದರೆ ಮುದ್ದೀರ ಹೊರಗೆ ಬೆಂಚಿನವರಿಗೆಲ್ಲ ಸಾರುತ್ತಿದ್ದ: "ಅಜ್ಜಂಗೆ ನಾಲ್ಕು ಕಾಲಂತೆ! ಅಜ್ಜಂಗೆ ನಾಲ್ಕು ಕಾಲಂತೆ!"

"ಲೋ ಮಂಕುದಿಣ್ಣೆ!"

"ನೀವು ಹೇಳಿದ್ದನ್ನೇ ಮಾಡ್ದೆ ಮಾವಾ!"

"ಕೇಳಿಲ್ಲಿ. ಒಬ್ಬರನ್ನೇ ಒಳಗೆ ಬಿಡು. ಬರಿಗಾಲು ಮಾಡಿಸು. ಕಾಲಿಗೆ ಹಾಕ್ಕೊಂಡಿರೋ ಒಡವೆ ಬಿಚ್ಚಿಸಿ, ಹೊರಗಿರೋ ಮನೆಯವರ ಕೈಗೆ ಕೊಡು. ಆದರೆ ಒಳಗಿನ ಮಾತು ಹೊರಗೆ ಆಡಬೇಡ. ಯಾರು ಏನೇ ಕೇಳಲಿ, ತುಟಿ ಬಿಚ್ಚಕೂಡದು!"

ಮನೆಯಲ್ಲಿ ದುಂಡವ್ವ ಬಾಗಿಲಲ್ಲೇ ಕೇಳಿದಳು. "ಇವತ್ತಾದ್ರೂ ಸರಿಹೋಯ್ತೇನ್ಲಾ?" ಮುದ್ದೀರ ತುಟಿ ಬಿಚ್ಚಲಿಲ್ಲ. ಊಟಕ್ಕೆ ಕರೆದರೂ ಬಿಚ್ಚಲಿಲ್ಲ. ಮುದ್ದೆ ಹೊರಗೇ ಉಳಿಯಿತು.

ಅದರ ಮಾರನೇ ದಿನ ನಿಂಗಾಜಿ ಅನ್ನುವ ಹೆಣ್ಣುಮಗಳು ಬಂದಳು. ಕಾಲ ಮೇಲೆ ನೀರಿನ ಕೊಡ ಬಿದ್ದಿತ್ತು. ಜೊತೆಗೆ ಅವಳ ಅತ್ತೆ ಸಾಕವ್ವ. ಗಂಡ ಜವರೇಶ ರಸ್ತೆಯಾಚೆಯ ಹೋಟೆಲಿಗೆ ಟೀ ತರೋಕೆ ಹೋಗಿದ್ದ.

ನಿಂಗಾಜಿಯ ಕಾಲಲ್ಲಿ ಬೆಳ್ಳಿಯ ಕಾಲುಂಗುರ. ಕಾಲುಂಗುರ ಅಂದರೆ ನಮ್ಮ ಕಡೆ ಹುಡುಗಾಟವೆ? ಧಾರೆಯ ದಿನ ಗಂಡ ಗುಂಡುಕಲ್ಲಿನ ಮೇಲೆ ಕಾಲಿಡಿಸಿ ತೊಡಿಸಿದ್ದು. ಅವನು ಇರೋತನಕ ಅದು ಕಾಲಲ್ಲಿ. ಅದು ಕಾಲು ಬಿಟ್ಟಿತು ಅಂದರೆ, ಅವನು ಈ ಲೋಕ ಬಿಟ್ಟ ಅಂತಲೇ ಲೆಕ್ಕ.

"ಬಿಚ್ಚಕ್ಕಾ" ಅಂದ ಮುದ್ದೀರ.

"ಥೂ, ಬಿಡ್ತು ಅನ್ನು!"

"ಬಿಚ್ಚವ್ವಾ, ಫಿಲ್ಮು ತೆಗೆದ ತಕ್ಷಣ ಹಾಕ್ಕೊಳ್ಳೋವಂತೆ" ಅಂತ ಗೋಡೆ ಹಿಂದಿನಿಂದ ಶಿವನಂಜಪ್ಪ ಹೇಳಿದ. ನಿಂಗಾಜಿ ಮನಸ್ಸಿಲ್ಲದೆ ಬಿಚ್ಚಿ, ಕಣ್ಣಿಗೊತ್ತಿಕೊಂಡು ಕೊಟ್ಟಳು. ಮುದ್ದೀರ ಎರಡು ಕೈಯಲ್ಲೂ ಹಿಡಿದುಕೊಂಡು ಹೊರಗೆ ಹೋದ. ತುಟಿ ಬಿಗಿದುಕೊಂಡು, ಮುಖ ಗಂಟು ಹಾಕಿಕೊಂಡು, ಸಾಕವ್ವನ ಅಂಗೈಯಲ್ಲಿಟ್ಟ.

ಸಾಕವ್ವ ನೋಡಿದಳು. "ಏನ್ಲಾ ಇದು? ನನ್ನ ಸೊಸೆ ಕಾಲುಂಗುರ ಯಾಕ್ಲಾ ಬಿಚ್ಚಿದ್ರಿ?"

ಮುದ್ದೀರ ಮಾತಾಡಲಿಲ್ಲ.

"ನನ್ನ ಮಗ ಎಲ್ಲಿ? ಟೀ ತರೋಕೆ ಹೋದೋನು ಇನ್ನೂ ಯಾಕೆ ಬರ್ಲಿಲ್ಲ?"

ಮಾತಾಡಲಿಲ್ಲ.

"ಲಾರಿನೇನ್ಲಾ? ರಸ್ತೆ ದಾಟುವಾಗ ಲಾರಿ ಬಂತೇನ್ಲಾ? ಬಾಯಿ ಬಿಡ್ಲಾ!"

ಮುದ್ದೀರ ತುಟಿಯನ್ನು ಇನ್ನೂ ಬಿಗಿಯಾಗಿ ಕಚ್ಚಿಕೊಂಡು ತಲೆ ತಗ್ಗಿಸಿದ. ಇನ್ನೇನು ಬೇಕು?

"ಅಯ್ಯೋ ಮಗನೇ ಜವರೇಶಾ! ನನ್ನ ಬಿಟ್ಟು ಹೋದ್ಯೇನೋ!" ಅಂತ ಸಾಕವ್ವ ನೆಲಕ್ಕೆ ಬಿದ್ದಳು. ಬೆಂಚಿನ ಹೆಂಗಸರೆಲ್ಲ ಸುತ್ತ ಕೂತು ರಾಗ ತೆಗೆದರು. ಜವರೇಶನ ಮುಖ ಕಾಣದವರೂ "ಎಂಥಾ ಚಿನ್ನದಂಥ ಹುಡುಗ" ಅಂತ ಅತ್ತರು. ಒಬ್ಬ ಹೂವಿನ ಹಾರ ತರೋಕೆ ಸೈಕಲ್ ಹತ್ತಿದ. ಅಷ್ಟರಲ್ಲಿ ಜವರೇಶ ಎರಡು ಲೋಟ ಟೀ ಹಿಡಿದು ಬಂದ.

"ಯಾರವ್ವಾ ಹೋದ್ರು?"

"ನೀನೇ ಕಣೋ ಮಗನೇ!"

ಜವರೇಶನ ಕೈಯ ಲೋಟ ಜಾರಿತು. "ಯಾವಾಗ?"

ಒಳಗೆ ಗಂಡನ ಹೆಸರಿನ ಅಳು ಕೇಳಿ ನಿಂಗಾಜಿ ಮೇಜಿನಿಂದ ಹಾರಿದಳು. ಟಕ್! ಫಿಲ್ಮಿನಲ್ಲಿ ಬಂದಿದ್ದು ಬೂದಿ ಚೆಲ್ಲಿದ ಹಾಗೆ ಒಂದು ಮಬ್ಬು. ಜವರೇಶ ಕಾರಿಡಾರಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಂಡತಿಗೆ ಎರಡನೇ ಸಲ ಕಾಲುಂಗುರ ತೊಡಿಸಿದ. ತಂದ ಹಾರ ದಂಡವಾಗಬಾರದು ಅಂತ ಅದನ್ನೂ ಹಾಕಿಸಿದರು. ಸಾಕವ್ವ ಕಣ್ಣೊರೆಸಿಕೊಂಡು ಕಾಲಿನ ಚಪ್ಪಲಿ ಕೈಗೆ ತಗೊಂಡಳು.

"ಲೋ ಮಂಕುದಿಣ್ಣೆ!" ಶಿವನಂಜಪ್ಪನ ಗಂಟಲು ಒಡೆದಿತ್ತು. "ಬದುಕಿರೋನನ್ನ ಸಾಯಿಸಿಬಿಟ್ಯಲ್ಲೋ!"

"ನೀವು ಹೇಳಿದ್ದನ್ನೇ..."

"ಮುಚ್ಚು! ಇನ್ಮೇಲೆ ರೋಗಿಯ ಕಾಲ ಹತ್ರಕ್ಕೂ ನಿನ್ನ ಕೈ ಹೋಗಬಾರ್ದು. ಪೆಟ್ಟಿಗೆ ಮೇಲೆ ನಿನ್ನ ಕಾಲಿಟ್ಟು, ಹೀಗೆ ಅಂತ ತೋರಿಸು. ಮಂಡಿ ಮಡಿಸು, ಅಂಗಾಲು ಚಪ್ಪಟೆ, ಬೆರಳು ಬಿಡಿಬಿಡಿ. ಟಕ್ ಅನ್ನೋವರೆಗೂ ಕಾಲು ಕಲ್ಲಿನಂಗಿರಬೇಕು, ಅಲ್ಲಾಡಬಾರ್ದು! ಇದೇ ಕಡೇ ಸಲ. ಇನ್ನೊಂದು ತಪ್ಪಾದ್ರೆ ಮನೆಗೆ!"

ಆ ರಾತ್ರಿಯೇ ಶಿವನಂಜಪ್ಪ ದುಂಡವ್ವನಿಗೂ ಸುದ್ದಿ ಮುಟ್ಟಿಸಿದ. ಕಡೇ ಸಲ! ಆಮೇಲೆ ಮತ್ತೆ ಕುಕ್ಕೆ! ಬೆಳಗಾಗೋದರೊಳಗೆ ಅವಳಿಗೊಂದು ಉಪಾಯ ಹೊಳೆಯಿತು. "ಇವತ್ತು ನಾನೇ ರೋಗಿಯಾಗಿ ಬರ್ತೀನಿ ಕಣ್ಲಾ. ಹೆಂಗೂ ಹಿಮ್ಮಡಿ ತೋರಿಸ್ಬೇಕು. ನೀನು ಏನು ಎಡವಟ್ಟು ಮಾಡಿದ್ರೂ ನಾನಂತೂ ಚಾಡಿ ಹೇಳಲ್ಲ."

ಡಾಕ್ಟರಮ್ಮ ಹಿಮ್ಮಡಿ ಒತ್ತಿ ನೋಡಿ, ಬಲಪಾದದ ಎರಡು ಫಿಲ್ಮು ಬರೆದರು. ಮೇಲಿನಿಂದ ಒಂದು, ಪಕ್ಕದಿಂದ ಒಂದು.

ಮುದ್ದೀರ ಅವ್ವನನ್ನು ಮೇಜಿನ ತುದಿಗೆ ಕೂರಿಸಿ ತಾನು ಮೇಜು ಹತ್ತಿದ. ಮಂಡಿ ಮಡಿಸಿದ. ತನ್ನ ಬಲಗಾಲಿನ ಅಂಗಾಲನ್ನು ಪೆಟ್ಟಿಗೆ ಮೇಲೆ ಚಪ್ಪಟೆಯಾಗಿ ಊರಿದ. ಬೆರಳು ಬಿಡಿಬಿಡಿ ಮಾಡಿದ. "ಹಿಂಗೆ ಅವ್ವಾ. ನೋಡ್ಕೊ."

"ನೋಡ್ದೆ ಕಣಪ್ಪ. ನಾನು ಯಾವಾಗ ಇಡ್ಲಿ?"

"ಟಕ್ ಅನ್ಲಿ!"

ಟಕ್!

"ಆಯ್ತೇನೋ?" ಅಂತ ಗೋಡೆ ಹಿಂದಿನಿಂದ ಶಿವನಂಜಪ್ಪ, ಟವೆಲ್ಲಿನ ಹಿಂದಿನಿಂದ ಶಿವನಂಜಪ್ಪ. ಈಚೆ ಬಂದು ಪೆಟ್ಟಿಗೆ ಬದಲಾಯಿಸಿದ. ಮೇಜಿನ ಮೇಲೆ ತಾಯಿ ಮಗ ಇಬ್ಬರೂ ಕೂತಿದ್ದಾರೆ, ಮಗ ತೋರಿಸಿಕೊಡ್ತಿದ್ದಾನೆ ಅಂದುಕೊಂಡು ಮತ್ತೆ ಗೋಡೆ ಹಿಂದಕ್ಕೆ ಹೋದ. ಮುದ್ದೀರ ಪಕ್ಕಕ್ಕೆ ಮಗ್ಗುಲಾಗಿ, ಕಿರುಬೆರಳ ಕಡೆ ಕೆಳಗೆ ಮಾಡಿ ಮಲಗಿದ. ಉಸಿರೂ ಬಿಡಲಿಲ್ಲ.

ಟಕ್!

"ಚೂರೂ ನೋವಾಗ್ಲಿಲ್ಲ ಕಣ್ಲಾ! ಒಳ್ಳೇ ಮಿಷನ್ನು!" ಅಂದಳು ದುಂಡವ್ವ.

ಡಾಕ್ಟರಮ್ಮ ಫಿಲ್ಮನ್ನು ದೀಪಕ್ಕೆ ಹಿಡಿದರು. ತಿರುಗಿಸಿ ಇನ್ನೊಮ್ಮೆ ಹಿಡಿದರು. 

"ಶಿವನಂಜಪ್ಪ, ನಾನು ಈ ಆಸ್ಪತ್ರೆಗೆ ಬಂದ ಮೇಲೆ ಇಂಥ ಫಿಲ್ಮು ನೋಡಿಲ್ಲ! ಬೆರಳ ಮೂಳೆ ಒಂದೊಂದೂ ಬೇರೆ ಬೇರೆ ಕಾಣುತ್ತೆ. ಅಂಗಾಲಿನ ಉದ್ದ ಮೂಳೆಗಳು ನೋಡಿ, ಬೀಸಣಿಗೆ ಕಡ್ಡಿ ಬಿಚ್ಚಿದ ಹಾಗೆ! ಹಿಮ್ಮಡಿ ಮೂಳೆ ಕೋಳಿಮೊಟ್ಟೆ ಥರ ನುಣ್ಣಗಿದೆ. ಕೂದಲೆಳೆಯಷ್ಟೂ ಅಲುಗಿಲ್ಲ!"

ಶಿವನಂಜಪ್ಪ ಊದಿಕೊಂಡ. ಡಾಕ್ಟರಮ್ಮ ದುಂಡವ್ವನ ಕಡೆ ತಿರುಗಿದರು. "ನಿಮ್ಮ ಹಿಮ್ಮಡಿಗೆ ಏನೂ ಆಗಿಲ್ಲಮ್ಮ. ಧಾರಾಳವಾಗಿ ಕುಕ್ಕೆ ಹೊರಬಹುದು."

ದುಂಡವ್ವನ ಮುಖ ಇಳಿದುಹೋಯಿತು. "ಏನೂ ಆಗಿಲ್ವಾ? ಹಂಗಾದ್ರೆ ಈ ನೋವು ನಾನೇ ಹುಟ್ಟಿಸ್ಕೊಂಡಿದ್ದಾ ಅಮ್ಮಾವ್ರೇ?"

"ಒಂದೇ ಒಂದು ವಿಶೇಷ. ಈ ಆರನೇ ಬೆರಳು ಹುಟ್ಟಿನಿಂದ ಇದೆಯಾ?"

"ನನಗೆಲ್ಲಿ ಅಮ್ಮಾವ್ರೇ ಆರು? ನೋಡಿ, ಐದೇ. ಆರು ಇರೋದು ನನ್ನ ಮಗಂಗೆ!"

ಎಲ್ಲರೂ ಮುದ್ದೀರನ ಬಲಗಾಲು ನೋಡಿದರು. ಕಿರುಬೆರಳ ಪಕ್ಕದಲ್ಲಿ ಆರನೆಯದು ನೆಟ್ಟಗೆ ನಿಂತಿತ್ತು. ಮುದ್ದೀರ ಅದನ್ನು ಅಲ್ಲಾಡಿಸಿ ತೋರಿಸಿದ. ಟಕ್ ಅಂದಾಗಿತ್ತಲ್ಲ, ಈಗ ಅಲ್ಲಾಡಿಸಬಹುದು.

"ಲೋ ಮಂಕುದಿಣ್ಣೆ! ಹೊರಗೆ ನಡಿ!"

"ಕಾಲಿಟ್ಟು ತೋರಿಸು ಅಂದ್ರಿ, ತೋರಿಸ್ದೆ! ಟಕ್ ಅನ್ನೋವರೆಗೂ ಅಲ್ಲಾಡಬೇಡ ಅಂದ್ರಿ, ಅಲ್ಲಾಡಲಿಲ್ಲ!"

"ನೀವು ಕಿಟಕೀಲಿ ನೋಡಲಿಲ್ವಾ?" ಅಂತ ಡಾಕ್ಟರಮ್ಮ ಕೇಳಿದರು. ಶಿವನಂಜಪ್ಪ ಹೋಗಿ ಸುಮ್ಮನೆ ಟವೆಲ್ಲು ತೆಗೆದ.

ಈ ಸಲ ದುಂಡವ್ವನ ಕಾಲೇ ಪೆಟ್ಟಿಗೆ ಮೇಲೆ ಕೂತಿತು. ಫಿಲ್ಮು ಬಂತು. ಹಿಮ್ಮಡಿ ಮೂಳೆಯ ಅಡಿಯಿಂದ ಮುಂದಕ್ಕೆ ಚಾಚಿಕೊಂಡು, ಥೇಟ್ ಜಾಲಿಮುಳ್ಳಿನಂತೆ ಒಂದು ಮೊನೆ ಬೆಳೆದಿತ್ತು.

"ಇದೇ ಚುಚ್ಚುತ್ತಿರೋದು. ಇನ್ನು ತಲೆ ಮೇಲೆ ಭಾರ ಹೊರಕೂಡದು. ಮೆತ್ತನೆ ಚಪ್ಪಲಿ ಹಾಕ್ಕೋಬೇಕು, ಕಾಲಿಗೆ ಬಿಡುವು ಕೊಡಬೇಕು."

"ಕುಕ್ಕೆ ಇಳಿಸಿದ್ರೆ ತಿನ್ನೋದೇನವ್ವ?" ಅಂತ ದುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಇವನಿಗೆ ಇನ್ನೊಂದೇ ಒಂದು ಸಲ..."

ಡಾಕ್ಟರಮ್ಮ ಆ ಆರು ಬೆರಳಿನ ಫಿಲ್ಮನ್ನು ಮತ್ತೊಮ್ಮೆ ನೋಡಿದರು. ನಗು ಬಂತು, ತಡೆದುಕೊಂಡರು. "ಆಯ್ತು. ಕಡೇದು. ಮುದ್ದೀರ, ನಿನ್ನ ಕಾಲಿನ ಈ ಫಿಲ್ಮನ್ನ ಹೊರಗೆ ಗೋಡೆಗೆ ತೂಗುಹಾಕು. ಬಂದವರಿಗೆಲ್ಲ ಬರಿಗಾಲು ಮಾಡಿಸಿ ಇದನ್ನ ತೋರಿಸು. ಎಲ್ಲರೂ ಇದು ಇರೋ ಹಾಗೇ ಕಾಲಿಡಲಿ."

"ಇದು ಇರೋ ಹಾಗೇ. ಇದು ಇರೋ ಹಾಗೇ."

ಮಾರನೇ ದಿನ ಸಂತೆ. ಆಸ್ಪತ್ರೆ ತುಂಬ ಜನ. ಡಾಕ್ಟರಮ್ಮ ಬಾಗಿಲು ದಾಟಿ ಒಳಗೆ ಬಂದವರು ಅಲ್ಲೇ ನಿಂತುಬಿಟ್ಟರು.

ಗೋಡೆ ಮೇಲೆ ಫಿಲ್ಮು ತೂಗುತ್ತಿತ್ತು. ಫಿಲ್ಮಿನ ಕಾಲು ಎಲ್ಲಿದೆ? ಗೋಡೆ ಮೇಲೆ. ಅಂದಮೇಲೆ ಎಲ್ಲರ ಕಾಲೂ ಗೋಡೆ ಮೇಲೆ! ಈ ತುದಿಯಿಂದ ಆ ತುದಿವರೆಗೆ ಗಂಡಸರು, ಹೆಂಗಸರು, ಮುದುಕರು ನೆಲದ ಮೇಲೆ ಅಂಗಾತ ಮಲಗಿ, ಅಂಗಾಲನ್ನು ಗೋಡೆಗೆ ಚಪ್ಪಟೆಯಾಗಿ ಊರಿ, ಬೆರಳು ಬಿಡಿಬಿಡಿ ಮಾಡಿ, ಕಲ್ಲಿನ ಹಾಗೆ ಮಲಗಿದ್ದರು. ಹೆಂಗಸರು ಸೀರೆಯ ನೆರಿಗೆಯನ್ನು ಮಂಡಿಗಳ ನಡುವೆ ಭದ್ರವಾಗಿ ಸಿಕ್ಕಿಸಿಕೊಂಡಿದ್ದರು. ಅವರಲ್ಲಿ ಕೈ ಮುರಿದವನೊಬ್ಬ. ಹಲ್ಲುನೋವಿನವನೊಬ್ಬ. ಕಾಗದ ಕೊಡೋಕೆ ಬಂದ ಪೋಸ್ಟಿನವನೂ ಚೀಲ ಎದೆ ಮೇಲಿಟ್ಟುಕೊಂಡು ಮಲಗಿದ್ದ.

"ಇದೇನ್ರೀ ಇದು?"

"ಶ್! ಅಲ್ಲಾಡಬಾರ್ದಂತೆ ಡಾಕುಟ್ರೇ" ಅಂದ ಪೋಸ್ಟಿನವನು, ತುಟಿಯಂಚಿನಲ್ಲೇ. "ಇನ್ನೂ ಟಕ್ ಅಂದಿಲ್ಲ."

ಡಾಕ್ಟರಮ್ಮನಿಗೆ ತಡೆಯೋಕಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕರು, ಕನ್ನಡಕ ಬಿಚ್ಚಿ ನಕ್ಕರು. ಮಲಗಿದವರು ಮಾತ್ರ ನಗಲಿಲ್ಲ, ಅಲ್ಲಾಡಬಾರದಲ್ಲ. ಬಾಗಿಲಲ್ಲಿ ದುಂಡವ್ವ ನಿಂತಿದ್ದಳು, ಮುಖಕ್ಕೆ ಸೆರಗು ಮುಚ್ಚಿಕೊಂಡು.

ನಗು ನಿಂತ ಮೇಲೆ ಡಾಕ್ಟರಮ್ಮನ ಕಣ್ಣು ಹೊಸಲಿನ ಕಡೆ ಹೋಯಿತು. ಬರಿಗಾಲು ಮಾಡಿಸು ಅಂದಿದ್ದರಲ್ಲ? ಮಾಡಿಸಿದ್ದ. ಆ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಅಂದರೆ ತಿಪ್ಪೆ. ಬಂದವರು ಒಂದು ಬಿಟ್ಟು ಇನ್ನೊಂದು ಮೆಟ್ಟಿಕೊಂಡು ಹೋಗೋರು, ದಿನಾ ಜಗಳ. ಇವತ್ತು ನೋಡಿದರೆ ಜೋಡಿ ಜೋಡಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ದಾರ ಹಿಡಿದ ಹಾಗೆ ಸಾಲು.

"ಇದನ್ಯಾರು ಜೋಡಿಸಿದ್ದು?"

"ನಾನೇ" ಅಂದ ಮುದ್ದೀರ. "ಯಾರೂ ಹೇಳಿರ್ಲಿಲ್ಲ. ಬೈತೀರಾ?"

ಡಾಕ್ಟರಮ್ಮ ಬೈಯಲಿಲ್ಲ. ದುಂಡವ್ವನ ಕುಕ್ಕೆ ತಲೆಯಿಂದ ಇಳಿಯಿತು. ಈಗ ಅದರಲ್ಲಿ ಒಂದು ಕೋಳಿ ಕಾವಿಗೆ ಕೂತಿದೆ, ಮುದ್ದೀರ ಹತ್ತಿರ ಹೋಗುವಂತಿಲ್ಲ.

ಮುದ್ದೀರನಿಗೆ ಕೊನೆಗೆ ಕೊಟ್ಟಿದ್ದು ಬಾಗಿಲ ಹೊರಗೆ ಒಂದು ಸ್ಟೂಲು, ಮತ್ತೆ ಚಪ್ಪಲಿ ಕಾಯುವ ಕಾಯಂ ಕೆಲಸ.